ಮೊದಲು ‘ಯಾವ ಊರು’ ಅಂತ ಕೇಳಿ: ಹೊರದೇಶದಿಂದ ಓದಲು ಬಂದವರ ಜೊತೆ ಸ್ನೇಹ ಬೆಳೆಸುವ ಬಗೆ

ತುಮಕೂರಿನಂಥ ಕಾಲೇಜು ಊರಿನಲ್ಲಿ ನೇಪಾಳ, ಇಥಿಯೋಪಿಯಾ, ತಾಂಜಾನಿಯಾ, ಸುಡಾನ್, ಯೆಮೆನ್ ಇಂಥ ಕಡೆಯಿಂದ ಬಂದ ಹುಡುಗ ಹುಡುಗಿಯರು ನಿಮ್ಮ ಕ್ಲಾಸಿನಲ್ಲೋ ಪಕ್ಕದ ಪಿಜಿಯಲ್ಲೋ ಮಹಡಿ ಮನೆಯ ಬಾಡಿಗೆಗೋ ಬಂದಿರಬಹುದು. ನಮ್ಮವರು ಅವರನ್ನು ಎರಡೇ ರೀತಿಯಲ್ಲಿ ಕಾಣುತ್ತಾರೆ. ಒಂದೋ ದೂರದಿಂದ ನೋಡುತ್ತಾ ನಿಲ್ಲುತ್ತಾರೆ. ಇಲ್ಲವೇ ಒಂದು ಹಬ್ಬದ ದಿನ ಕರೆದು, ಎಲೆ ತುಂಬಾ ಬಡಿಸಿ, ಹತ್ತು ಫೋಟೋ ತೆಗೆದು, ಆಮೇಲೆ ಮರೆತುಬಿಡುತ್ತಾರೆ. ಎರಡರಿಂದಲೂ ಪರಿಚಯ ಬೆಳೆಯುವುದಿಲ್ಲ. ಅದು ಬೆಳೆಯುವುದು ವಾರಕ್ಕೊಂದು ಸಲದ ಸಣ್ಣ ಸಣ್ಣ ವ್ಯವಹಾರದಲ್ಲಿ: ತರಕಾರಿ ತರಲು ಜೊತೆಗೆ ಹೋಗುವುದು, ನೋಟ್ಸ್ ಕೊಡುವುದು, ನೋಟ್ಸ್ ಇಸ್ಕೊಳ್ಳುವುದು, ಸಂಜೆ ಅಮಾನಿಕೆರೆ ದಂಡೆಯಲ್ಲಿ ಒಂದು ಸುತ್ತು ಹಾಕುವುದು.

ಮೊದಲ ಮಾತು

ಮಾತು ಶುರು ಮಾಡಲು ಕ್ಲಾಸು, ಲ್ಯಾಬು, ಮೆಸ್ಸಿನ ಸಾಲು, ಬಸ್ ಸ್ಟಾಪು ಒಳ್ಳೆಯ ಜಾಗಗಳು. ದಾರಿಯಲ್ಲಿ ತಡೆದು ನಿಲ್ಲಿಸಿ ಮಾತಾಡಿಸಬೇಡಿ. ಅವರನ್ನು ದಿನವೂ ಯಾರೋ ಒಬ್ಬರು ಹಾಗೆ ತಡೆದು ಸೆಲ್ಫಿ ಕೇಳಿರುತ್ತಾರೆ, ನೀವೂ ಅದೇ ಲೆಕ್ಕಕ್ಕೆ ಸೇರುತ್ತೀರಿ.

ನಾವು ಹಳ್ಳಿಯಿಂದ ಬಂದವರನ್ನು ಕೇಳುವ ಹಾಗೆ ‘ಯಾವ ಊರು ನಿಮ್ದು?’ ಅಂತಲೇ ಕೇಳಿ. ‘ಯಾವ ದೇಶ?’ ಅಂತ ಕೇಳಬೇಡಿ. ಇದಕ್ಕೆ ಕಾರಣವಿದೆ. ಮಣಿಪುರ, ಮಿಜೋರಾಂ, ಅರುಣಾಚಲದಿಂದ ಬಂದವರು ಭಾರತದವರೇ. ‘ಯಾವ ದೇಶ’ ಅನ್ನಿಸಿಕೊಂಡು ಅನ್ನಿಸಿಕೊಂಡು ಅವರಿಗೆ ರೋಸಿಹೋಗಿರುತ್ತದೆ. ಆಫ್ರಿಕಾದವರ ಹಾಗೆ ಕಾಣುವವರೊಬ್ಬರು ಉತ್ತರ ಕನ್ನಡದ ಸಿದ್ದಿ ಜನಾಂಗದವರಾಗಿದ್ದು, ನಿಮಗಿಂತ ಚೆನ್ನಾಗಿ ಕನ್ನಡ ಮಾತಾಡಿಬಿಡಬಹುದು. ‘ಯಾವ ಊರು’ ಎಂಬ ಪ್ರಶ್ನೆ ಇವರೆಲ್ಲರಿಗೂ ಒಪ್ಪುತ್ತದೆ. ಊರಿನ ಹೆಸರು ಹೇಳಿದ ಮೇಲೆ ಮ್ಯಾಪ್ ತೆಗೆದು ತೋರಿಸಲು ಕೇಳಿ. ಕಾಲು ಗಂಟೆ ಮಾತಿಗೆ ಅಷ್ಟು ಸಾಕು.

ಆಫ್ರಿಕಾ ಒಂದು ದೇಶವಲ್ಲ, ಅಲ್ಲಿ 54 ದೇಶಗಳಿವೆ. ನೈಜೀರಿಯಾ ಒಂದರಲ್ಲೇ ಐನೂರಕ್ಕೂ ಹೆಚ್ಚು ಭಾಷೆಗಳಿವೆ. ‘ನಿಮ್ಮ ಆಫ್ರಿಕಾದಲ್ಲಿ ಹೇಗೆ?’ ಎಂದು ಇಥಿಯೋಪಿಯಾದವರನ್ನು ಕೇಳಿದರೆ ‘ನಿಮ್ಮ ಏಷ್ಯಾದಲ್ಲಿ ಹೇಗೆ?’ ಎಂದು ನಮ್ಮನ್ನು ಕೇಳಿದ ಹಾಗೆಯೇ.

ಸಿಂಹ, ಕಾಡು, ಬಡತನ, ಯುದ್ಧ ಇವುಗಳಿಂದ ಮಾತು ಶುರು ಮಾಡಬೇಡಿ. ಅದರಲ್ಲೂ ಸುಡಾನ್, ಯೆಮೆನ್, ಅಫ್ಘಾನಿಸ್ತಾನದವರ ಹತ್ತಿರ ‘ಮನೆಯವರೆಲ್ಲ ಹುಷಾರಾಗಿದ್ದಾರಾ?’ ಅಂತ ಕೇಳಿ ಸುಮ್ಮನಾಗಿ. ಅವರಾಗಿಯೇ ಹೇಳಿದರೆ ಕೇಳಿಸಿಕೊಳ್ಳಿ, ಕೆದಕಬೇಡಿ.

ನಮ್ಮ ಕೆಲವು ಮಾಮೂಲಿ ಮಾತುಗಳು ಅವರಿಗೆ ಬೇರೆ ಥರ ಕೇಳಿಸುತ್ತವೆ. ‘ಊಟ ಆಯ್ತಾ?’ ಅಂದರೆ ಊಟಕ್ಕೆ ಕರೆಯುತ್ತಿದ್ದಾರೆ ಅಂದುಕೊಂಡು ಕಾಯುವವರಿದ್ದಾರೆ. ‘ಎಲ್ಲಿಗೆ ಹೊರಟ್ರಿ?’ ಅಂದರೆ ಯಾಕೆ ವಿಚಾರಿಸುತ್ತಿದ್ದಾರೆ ಅಂತ ಅನುಮಾನ ಬರಬಹುದು. ಎಲ್ಲಕ್ಕಿಂತ ತಾಪತ್ರಯ ‘ನೋಡೋಣ’ ಎಂಬ ಮಾತಿನದು. ‘ಭಾನುವಾರ ಬರ್ತೀರಾ?’ ಅಂದಾಗ ನಾವು ‘ನೋಡೋಣ’ ಅಂದರೆ ಬರುವುದಿಲ್ಲ ಅಂತ ನಮ್ಮವರಿಗೆಲ್ಲ ಗೊತ್ತು. ಅವರು ಮಾತ್ರ ಭಾನುವಾರ ಕಾಯುತ್ತಾ ಕೂತಿರುತ್ತಾರೆ. ಆಗುವುದಿಲ್ಲ ಅಂದರೆ ಆಗುವುದಿಲ್ಲ ಅಂತಲೇ ಹೇಳಿ, ಯಾವತ್ತು ಆಗುತ್ತದೆ ಅಂತಲೂ ಜೊತೆಗೆ ಹೇಳಿ. ನಾವು ತಲೆಯನ್ನು ಆ ಕಡೆ ಈ ಕಡೆ ವಾಲಿಸುವುದು ಹೌದೋ ಅಲ್ಲವೋ ಎಂಬುದೂ ಮೊದಲ ಒಂದೆರಡು ತಿಂಗಳು ಅವರಿಗೆ ತಿಳಿಯುವುದಿಲ್ಲ, ಬಾಯಿಬಿಟ್ಟೇ ಹೇಳಿ. ಅವರದ್ದೂ ಇಂಥವಿವೆ. ಇಥಿಯೋಪಿಯಾದವರು ಮಾತಿನ ನಡುವೆ ಸರಕ್ಕನೆ ಉಸಿರು ಎಳೆದುಕೊಂಡರೆ ಗಾಬರಿಯಾಗಬೇಡಿ. ಅದು ನಮ್ಮ ‘ಹ್ಞೂಂ’ ಇದ್ದ ಹಾಗೆ.

ಹೆಸರು, ಗಂಟೆ, ತಾರೀಖು

ಹೆಸರನ್ನು ಎರಡು ಸಲ ಕೇಳಿ, ಮೊಬೈಲಿನಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಅವರ ಮುಂದೆಯೇ ಓದಿ ಸರಿ ಮಾಡಿಕೊಳ್ಳಿ. ‘ಕಷ್ಟ, ರಾಜು ಅಂತ ಕರೀತೀನಿ’ ಅನ್ನಬೇಡಿ. ಇಥಿಯೋಪಿಯಾ, ಎರಿಟ್ರಿಯಾದವರಿಗೆ ಮನೆತನದ ಹೆಸರು ಇರುವುದಿಲ್ಲ. ಮೊದಲನೆಯದು ಅವರ ಹೆಸರು, ಎರಡನೆಯದು ಅಪ್ಪನ ಹೆಸರು. ಸುಡಾನ್, ಯೆಮೆನ್ ಕಡೆಯವರ ಪಾಸ್‌ಪೋರ್ಟಿನಲ್ಲಿ ಅಪ್ಪ, ಅಜ್ಜನ ಹೆಸರೂ ಸಾಲಾಗಿ ಬರಬಹುದು. ಹಾಗಾಗಿ ಹಾಜರಿ ಪುಸ್ತಕದ ಕೊನೆಯ ಹೆಸರು ಹಿಡಿದು ಕೂಗಿದರೆ ಕ್ಲಾಸಿನಲ್ಲಿ ಅವರ ಅಪ್ಪನನ್ನೋ ಅಜ್ಜನನ್ನೋ ಕೂಗಿದಂತಾಗುತ್ತದೆ. ಇನಿಷಿಯಲ್ಲಿಗೆ ಅಪ್ಪನ ಹೆಸರು ಇಟ್ಟುಕೊಳ್ಳುವ ನಮಗೆ ಇದು ಬೇಗ ಅರ್ಥವಾಗುತ್ತದೆ. ಕಾಲೇಜಿನ ಆಫೀಸಿನವರಿಗೂ ಇದನ್ನು ತಿಳಿಸಿ, ಫಾರಂ ತುಂಬುವಾಗ ಎಡವುವುದು ಇಲ್ಲೇ.

ಸಮಯದ ವಿಷಯದಲ್ಲಿ ಒಂದು ತೊಡಕಿದೆ. ಇಥಿಯೋಪಿಯಾದಲ್ಲೂ ಸ್ವಾಹಿಲಿ ಮಾತಾಡುವ ತಾಂಜಾನಿಯಾ, ಕೀನ್ಯಾ ಕಡೆಯೂ ಗಂಟೆಯನ್ನು ಸೂರ್ಯ ಹುಟ್ಟುವ ಹೊತ್ತಿನಿಂದ ಎಣಿಸುತ್ತಾರೆ. ನಮ್ಮ ಬೆಳಿಗ್ಗೆ ಏಳು ಅವರ ಮಾತಿನಲ್ಲಿ ಒಂದು ಗಂಟೆ, ನಮ್ಮ ಒಂಬತ್ತು ಅವರ ಮೂರು. ಇಂಗ್ಲಿಷಿನಲ್ಲಿ ಮಾತಾಡುವಾಗ ಬಹುತೇಕ ನಮ್ಮ ಲೆಕ್ಕವನ್ನೇ ಹಿಡಿಯುತ್ತಾರೆ, ಆದರೂ ಹೊಸದಾಗಿ ಬಂದವರು ತಪ್ಪುವುದುಂಟು. ಇಥಿಯೋಪಿಯಾದ ಪಂಚಾಂಗವೂ ಬೇರೆ: ವರ್ಷಕ್ಕೆ 13 ತಿಂಗಳು, 30 ದಿನದ ಹನ್ನೆರಡು, ಕೊನೆಗೆ ಐದಾರು ದಿನದ್ದೊಂದು. ಇಸವಿ ನಮ್ಮದಕ್ಕಿಂತ ಏಳೆಂಟು ವರ್ಷ ಹಿಂದೆ. ಅವರ ಹೊಸ ವರ್ಷ ಸೆಪ್ಟೆಂಬರ್ 11ಕ್ಕೋ 12ಕ್ಕೋ ಬರುತ್ತದೆ. ಆವತ್ತು ಒಂದು ಮೆಸೇಜ್ ಹಾಕಿ ನೋಡಿ, ಮುಖ ಅರಳುತ್ತದೆ. ಭೇಟಿಯ ಸಮಯವನ್ನು ಮಾತ್ರ ಬಾಯಲ್ಲಿ ಹೇಳಿ ಬಿಡದೆ ‘ಶನಿವಾರ 10:00’ ಅಂತ ವಾಟ್ಸಾಪಿನಲ್ಲಿ ಹಾಕಿ. ನಮ್ಮ ‘ಐದು ನಿಮಿಷ, ಬಂದೆ’ಯನ್ನೂ ಸ್ವಲ್ಪ ಕಡಿಮೆ ಮಾಡಬೇಕು.

ಕೆಲಸ ಕೊಡಿ, ಕೆಲಸ ಕೇಳಿ

ಬರೀ ಉಪಕಾರ ಮಾಡುತ್ತಾ ಹೋದರೆ ಎದುರಿನವರಿಗೆ ಭಾರವಾಗುತ್ತದೆ. ಮೊದಲ ತಿಂಗಳಲ್ಲೇ ನೀವೂ ಅವರಿಂದ ಏನಾದರೊಂದು ಸಹಾಯ ಕೇಳಿ: ಇಂಗ್ಲಿಷ್ ಪ್ರೆಸೆಂಟೇಷನ್ ತಿದ್ದುವುದು, ಫುಟ್‌ಬಾಲ್ ಆಡಲು ಒಬ್ಬರು ಕಡಿಮೆ ಇರುವುದು, ಗಣಿತದ ಒಂದು ಲೆಕ್ಕ, ಯಾವುದಾದರೂ ಸರಿ.

ನೀವು ಮಾಡಬಹುದಾದ ಉಪಕಾರಗಳಲ್ಲಿ ದೊಡ್ಡದು ಬೆಲೆ ಹೇಳುವುದು. ಆಟೋದವರು, ತರಕಾರಿಯವರು ಹೊರಗಿನವರಿಗೆ ದುಪ್ಪಟ್ಟು ಹೇಳುವುದು ಗುಟ್ಟೇನಲ್ಲ. ಒಂದು ಸಲ ಜೊತೆಗೆ ಹೋಗಿ ಎಲ್ಲಿಂದ ಎಲ್ಲಿಗೆ ಎಷ್ಟು, ಕಾಲು ಕೆಜಿ ಅಂದರೆ ಹೇಗೆ ಕೇಳಬೇಕು, ಕಟ್ಟು ಸೊಪ್ಪಿಗೆ ಎಷ್ಟು ಅಂತ ತೋರಿಸಿ. ಅಂತರಸನಹಳ್ಳಿ ಮಾರುಕಟ್ಟೆಗೆ ಬೆಳಿಗ್ಗೆಯೇ ಹೋದರೆ ಕಣ್ಣಿಗೂ ಹಬ್ಬ. ಬ್ಯಾಂಕ್ ಖಾತೆ ಆಗುವ ತನಕ ಅವರಲ್ಲಿ ಹೆಚ್ಚಿನವರಿಗೆ ಯುಪಿಐ ಇರುವುದಿಲ್ಲ ಎಂಬುದು ನೆನಪಿರಲಿ. ‘ನನಗೆ ಫೋನ್ ಪೇ ಮಾಡಿಬಿಡಿ’ ಅಂದರೆ ಪೆಚ್ಚಾಗುತ್ತಾರೆ. ಖರ್ಚು ಹಂಚಿಕೊಳ್ಳುವುದಿದ್ದರೆ ನಗದಿನಲ್ಲೇ, ಮೊದಲೇ ಹೇಳಿಟ್ಟು.

ವಿದ್ಯಾರ್ಥಿ ವೀಸಾದಲ್ಲಿ ಬಂದವರು ಇಲ್ಲಿ ಸಂಬಳಕ್ಕೆ ಕೆಲಸ ಮಾಡುವ ಹಾಗಿಲ್ಲ. ‘ನಮ್ಮ ಅಂಗಡೀಲಿ ಸಂಜೆ ಕೂತ್ಕೊಳ್ಳಿ, ಏನೋ ಕೊಡ್ತೀನಿ’ ಎಂದು ಒಳ್ಳೆಯ ಮನಸ್ಸಿನಿಂದ ಹೇಳಿದರೂ ಅವರ ವೀಸಾಕ್ಕೇ ಕುತ್ತು.

ಊಟ: ರಾಗಿಯಿಂದ ಶುರು ಮಾಡಿ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವರಿಗೆ ಈ ವಿಷಯದಲ್ಲಿ ಬೇರೆಯವರಿಗಿಲ್ಲದ ಒಂದು ಅನುಕೂಲವಿದೆ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನೆಲ, ಇಥಿಯೋಪಿಯಾ ಉಗಾಂಡಾ ಕಡೆ. ಸಾವಿರಾರು ವರ್ಷದ ಹಿಂದೆ ಅಲ್ಲಿಂದ ಇಲ್ಲಿಗೆ ಬಂತು. ಇಥಿಯೋಪಿಯಾದವರು ಇದನ್ನು ದಗುಸ್ಸಾ ಅನ್ನುತ್ತಾರೆ. ತಾಂಜಾನಿಯಾದವರಿಗೆ ಇದು ಉಲೇಜಿ. ಅದರ ಹಿಟ್ಟಿನಿಂದ ಬೆಳಿಗ್ಗೆ ಉಜಿ ಎಂಬ ಗಂಜಿ ಮಾಡುತ್ತಾರೆ, ನೋಡಿದರೆ ನಮ್ಮ ಅಂಬಲಿಯೇ. ನೇಪಾಳದಲ್ಲಿ ರಾಗಿಗೆ ಕೋದೋ ಎನ್ನುತ್ತಾರೆ, ಅದರಿಂದ ಮಾಡುವ ಢೀಡೋ ನಮ್ಮ ಮುದ್ದೆಯ ಅಣ್ಣತಮ್ಮ. ನಿಮ್ಮ ಮನೆಯ ರಾಗಿ ಡಬ್ಬದ ಮುಚ್ಚಳ ತೆಗೆದು ತೋರಿಸಿ, ‘ಇದು ನಿಮ್ಮಲ್ಲೂ ಇದೆಯಾ?’ ಅಂತ ಕೇಳಿ. ಬಿರಿಯಾನಿಗೆ ಕರೆದುಕೊಂಡು ಹೋಗುವುದಕ್ಕಿಂತ ಇದು ದೂರ ಹೋಗುವ ಮಾತು.

ಮೊದಲ ಸಲ ಪೂರ್ತಿ ಮುದ್ದೆ ಬಡಿಸಬೇಡಿ, ದೊಡ್ಡ ನಿಂಬೆಹಣ್ಣಿನಷ್ಟು ಸಾಕು. ಅದು ಬಿಸಿ ಆರಿದ ಮೇಲೆ ಗಟ್ಟಿಯಾಗಿ ತೊಂದರೆ ಕೊಡುತ್ತದೆ, ಹಾಗಾಗಿ ಬಿಸಿಯಿದ್ದಾಗಲೇ ಕೂರಿಸಿ. ಚಿಕ್ಕ ಚೂರು ಮುರಿದು, ಬೆರಳಲ್ಲಿ ಉಂಡೆ ಮಾಡಿ, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುವುದನ್ನು ತೋರಿಸಿ. ನೈಜೀರಿಯಾದವರು ಮರಗೆಣಸಿನಿಂದ ಮಾಡುವ ತಮ್ಮ ಮುದ್ದೆ ಫುಫುವನ್ನು ಹೀಗೆಯೇ ನುಂಗುತ್ತಾರೆ, ಅವರಿಗೆ ಪಾಠ ಬೇಕಿಲ್ಲ. ತಾಂಜಾನಿಯಾ, ಕೀನ್ಯಾದವರು ತಮ್ಮ ಮೆಕ್ಕೆಜೋಳದ ಮುದ್ದೆ ಉಗಾಲಿಯನ್ನು ಅಗಿದು ತಿನ್ನುತ್ತಾರೆ. ಚೂರು ಮುರಿದು ಹೆಬ್ಬೆರಳಿಂದ ಗುಳಿ ಮಾಡಿ, ಆ ಗುಳಿಯಲ್ಲಿ ಸೊಪ್ಪಿನ ಪಲ್ಯ ಎತ್ತಿಕೊಳ್ಳುತ್ತಾರೆ. ಮುದ್ದೆಯನ್ನು ಅಗಿದರೆ ಹಲ್ಲಿಗೆ ಅಂಟಿ ಬಾಯೆಲ್ಲ ಮೆತ್ತಿಕೊಳ್ಳುತ್ತದೆ. ಅವರಿಗೆ ಇಷ್ಟವಾಗದಿರಲು ಅರ್ಧ ಕಾರಣ ಅದೇ. ಒಂದು ಸಲ ಆಗಲಿಲ್ಲ ಅಂದರೆ ಬಲವಂತ ಬೇಡ, ಪಕ್ಕದಲ್ಲಿ ಅನ್ನ ಇಟ್ಟಿರಿ. ಸಾರಿಗೆ ಖಾರದ ಪುಡಿ ಅರ್ಧ ಮಾಡಿ. ಇಥಿಯೋಪಿಯಾ, ಭೂತಾನಿನವರಿಗೆ ಮಾತ್ರ ಈ ರಿಯಾಯಿತಿ ಬೇಡ. ಭೂತಾನಿನಲ್ಲಿ ಮೆಣಸಿನಕಾಯಿಯನ್ನೇ ತರಕಾರಿಯ ಹಾಗೆ ಬೇಯಿಸುತ್ತಾರೆ.

ಎರಡನೆಯ ಸಲ ಅವರ ಕೈಗೇ ಕೋಲು ಕೊಡಿ. ಉಗಾಲಿ ಮಾಡಲು ಬೇಕಾದ ಮುದ್ದೆ ಪಾತ್ರೆ, ಮುದ್ದೆ ಕೋಲು ನಮ್ಮ ಅಡುಗೆಮನೆಯಲ್ಲೇ ಇವೆ, ಹೊಂದಿಸಬೇಕಾದ್ದು ಮೆಕ್ಕೆಜೋಳದ ಹಿಟ್ಟು ಮಾತ್ರ. ಹಿಟ್ಟಿನ ವಿಷಯದಲ್ಲೇ ಎಲ್ಲರೂ ತಪ್ಪುವುದು. ಅಂಗಡಿಯಲ್ಲಿ ಕಾರ್ನ್ ಫ್ಲೋರ್ ಅಂತ ಸಿಗುವ ಬಿಳಿ ಪುಡಿ ಬರೀ ಗಂಜಿಪುಡಿ, ಅದರಿಂದ ಅಂಟಿನ ಪಾಯಸವಾಗುತ್ತದೆ. ಮೆಕ್ಕೆಜೋಳವನ್ನು ಗಿರಣಿಯಲ್ಲಿ ನುಣ್ಣಗೆ ಬೀಸಿಸಿ, ಜರಡಿ ಹಿಡಿಯಿರಿ. ಅಲ್ಲಿಯದು ಬಿಳಿ ಮೆಕ್ಕೆಜೋಳ, ನಮ್ಮದು ಹಳದಿ. ಬಣ್ಣ, ರುಚಿ ಸ್ವಲ್ಪ ಬೇರೆಯಾದರೂ ನಡೆಯುತ್ತದೆ. ಒಂದು ಲೋಟ ಹಿಟ್ಟಿಗೆ ಸುಮಾರು ಎರಡು ಲೋಟ ನೀರು. ನೀರು ಕುದಿ ಬಂದಾಗ ಮೊದಲು ಒಂದು ಹಿಡಿ ಹಿಟ್ಟು ಹಾಕಿ ಗಂಜಿಯ ಹದಕ್ಕೆ ತಂದು, ಆಮೇಲೆ ಉಳಿದದ್ದನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ತಿರುವುತ್ತಾರೆ. ನಾವು ಮುದ್ದೆಗೆ ಹಿಟ್ಟನ್ನು ಒಟ್ಟಿಗೆ ಸುರಿದು, ಮುಟ್ಟದೆ ಬೇಯಲು ಬಿಟ್ಟು, ಕೊನೆಗೆ ತಿರುವುತ್ತೇವೆ. ಇಲ್ಲಿ ನಿಮ್ಮ ತಾಯಿಯವರು ‘ಹಾಗಲ್ಲ, ಗಂಟಾಗುತ್ತೆ’ ಎಂದು ಕೋಲು ಕಿತ್ತುಕೊಳ್ಳುವ ಸಂಭವವಿದೆ. ತಡೆಯಿರಿ. ಬಂದವರ ಅಡುಗೆ ಬಂದವರ ಕ್ರಮದಲ್ಲೇ ಆಗಲಿ. ಜೊತೆಗೆ ದಂಟಿನ ಸೊಪ್ಪಿಗೆ ಈರುಳ್ಳಿ, ಟೊಮ್ಯಾಟೊ ಹಾಕಿ ಬಾಡಿಸಿದರೆ ಸಾಕು.

ಕರೆಯುವ ಮೊದಲು ಕೇಳಬೇಕಾದ್ದು ಒಂದೇ: ‘ಏನು ತಿನ್ನಲ್ಲ?’ ‘ಏನು ತಿಂತೀರಿ?’ ಅಂದರೆ ಎಲ್ಲರೂ ‘ಎಲ್ಲಾ ತಿಂತೀನಿ’ ಅಂದುಬಿಡುತ್ತಾರೆ. ಮುಸ್ಲಿಮರಿಗೆ ಹಲಾಲ್ ಮಾಂಸವೇ ಆಗಬೇಕು. ಹಲಾಲ್ ಎಂಬ ಖಾತ್ರಿ ಇಲ್ಲದಿದ್ದರೆ ಸಸ್ಯಾಹಾರವನ್ನೇ ಮಾಡಿ. ರಂಜಾನ್ ತಿಂಗಳಲ್ಲಿ ಮಧ್ಯಾಹ್ನ ಕರೆಯಬೇಡಿ, ಸೂರ್ಯ ಮುಳುಗಿದ ಮೇಲೆ ಖರ್ಜೂರ, ಬಾಳೆಹಣ್ಣು, ನೀರು ಇಟ್ಟು ಕರೆಯಿರಿ. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಉಪವಾಸ ಹಿಡಿಯುತ್ತಾರೆ, ಈಸ್ಟರಿಗೆ ಮೊದಲು 55 ದಿನ. ಆ ದಿನಗಳಲ್ಲಿ ಮಾಂಸ ಮೊಟ್ಟೆ ಮಾತ್ರವಲ್ಲ, ಹಾಲು, ಮೊಸರು, ತುಪ್ಪವೂ ಇಲ್ಲ. ನಮ್ಮ ‘ಪ್ಯೂರ್ ವೆಜ್’ ಊಟ ಇಲ್ಲಿ ಕೈಕೊಡುತ್ತದೆ. ಮಜ್ಜಿಗೆ ಹುಳಿ, ಪಾಯಸ, ತುಪ್ಪದ ಒಗ್ಗರಣೆ ಯಾವುದೂ ನಡೆಯುವುದಿಲ್ಲ. ಎಣ್ಣೆಯ ಒಗ್ಗರಣೆಯ ಬಸ್ಸಾರು, ಹುರುಳಿಕಾಳಿನ ಸಾರು, ಕೋಸಂಬರಿ ನಡೆಯುತ್ತವೆ. ಕ್ಯಾತಸಂದ್ರದ ತಟ್ಟೆ ಇಡ್ಲಿಗೆ ಹೋದರೂ ಬೆಣ್ಣೆ ಬೇಡ ಅಂತ ಮೊದಲೇ ಹೇಳಿ. ಕಾಫಿ ಹಾಲಿಲ್ಲದೆ, ಸಕ್ಕರೆ ಹಾಕಿ. ಕಾಫಿಯೇ ಆ ನಾಡಿನದು, ನಮ್ಮ ಚಿಕೋರಿ ಬೆರೆಸಿದ ಪುಡಿಯ ಬಗ್ಗೆ ಏನಾದರೂ ಅಂದರೆ ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಮನೆಯಲ್ಲಿ ಮಾಂಸ ತರುವಂತಿಲ್ಲವಾದರೆ ಮುಚ್ಚಿಡದೆ ಹೇಳಿ. ಇಲ್ಲದಿದ್ದರೆ ಅವರು ಪ್ರೀತಿಯಿಂದ ಚಿಕನ್ ಮಾಡಿಕೊಂಡು ಬಂದು, ಬಾಗಿಲಲ್ಲಿ ಎಲ್ಲರೂ ಮುಖ ಮುಖ ನೋಡಿಕೊಳ್ಳಬೇಕಾಗುತ್ತದೆ. ಎಡಗೈಯಲ್ಲಿ ಕೊಡಬಾರದು ಎಂಬ ನಮ್ಮ ನಿಯಮ ಇವರಲ್ಲಿ ಬಹುಪಾಲು ಜನರಿಗೂ ಇದೆ, ಎಂಜಲು ನೇಪಾಳದವರಿಗೂ ಗೊತ್ತು. ಆದರೆ ಇಥಿಯೋಪಿಯಾದವರ ಮನೆಯಲ್ಲಿ ಒಂದೇ ದೊಡ್ಡ ತಟ್ಟೆಯಿಂದ ಎಲ್ಲರೂ ತಿನ್ನುತ್ತಾರೆ, ತುತ್ತು ಮಾಡಿ ನಿಮ್ಮ ಬಾಯಿಗೇ ಇಡುತ್ತಾರೆ. ಅದು ಅಕ್ಕರೆ, ಬೇಡ ಅನ್ನದೆ ತಿನ್ನಿ.

ಮುಟ್ಟುವುದು, ನೋಡುವುದು, ಕರೆಯುವುದು

ಕೂದಲು ಮುಟ್ಟಬೇಡಿ. ಮಕ್ಕಳು ಕುತೂಹಲದಿಂದ ಕೈ ಹಾಕಿದರೆ ನೀವೇ ತಡೆಯಿರಿ. ಬಣ್ಣದ ಮೇಲೆ ಯಾರಾದರೂ ಅಡ್ಡಹೆಸರು ಹಿಡಿದು ಕರೆದರೆ, ಆಫ್ರಿಕಾದವರನ್ನು ‘ನೀಗ್ರೋ’ ಅಂತಲೋ ನೇಪಾಳದವರನ್ನು ‘ಚಿಂಕಿ’ ಅಂತಲೋ ಅಂದರೆ, ಅದು ತಮಾಷೆಯಲ್ಲ. ಅವರು ಪಕ್ಕದಲ್ಲಿರುವಾಗ ನೀವು ಸುಮ್ಮನಿದ್ದರೆ ಅಲ್ಲಿಗೆ ಸ್ನೇಹ ಮುಗಿಯಿತು. ಅಲ್ಲೇ, ಕನ್ನಡದಲ್ಲೇ, ಎರಡೇ ಮಾತಿನಲ್ಲಿ ‘ಹಾಗೆಲ್ಲ ಅನ್ಬೇಡಿ, ಇವರು ನಮ್ಮವರು’ ಅನ್ನಿ. ಆಮೇಲೆ ಏನಂದರು ಅಂತ ಅವರು ಕೇಳಿದರೆ ಸುಳ್ಳು ಹೇಳಬೇಡಿ. ಅವರಿಗೆ ಅರ್ಥವಾಗಿರುತ್ತದೆ.

ಫೋಟೋ ತೆಗೆಯುವ ಮೊದಲು ಕೇಳಿ, ಸ್ಟೇಟಸ್‌ಗೆ ಹಾಕುವ ಮೊದಲು ಇನ್ನೊಮ್ಮೆ ಕೇಳಿ. ಹಲವು ಮುಸ್ಲಿಂ ಹೆಣ್ಣುಮಕ್ಕಳು ಗಂಡಸರ ಕೈ ಕುಲುಕುವುದಿಲ್ಲ. ನೀವು ಕೈ ಚಾಚದೆ ನಮಸ್ಕಾರ ಮಾಡಿದರೆ ಎಲ್ಲರಿಗೂ ಸಲೀಸು. ವಿದ್ಯಾರ್ಥಿನಿಯನ್ನು ಮನೆಗೆ ಕರೆಯುವುದಾದರೆ ತಾಯಿಯೋ ಅಕ್ಕನೋ ಫೋನಿನಲ್ಲಿ ಕರೆಯಲಿ, ಗೆಳತಿಯನ್ನೂ ಕರೆತರಲು ಹೇಳಲಿ.

ಕನ್ನಡ ಕಲಿಸುವಾಗ ‘ಬನ್ನಿ, ಕೂತ್ಕೊಳ್ಳಿ, ಕೊಡಿ, ಸಾಕು, ಎಷ್ಟು?’ ಎಂಬ ಬಹುವಚನದ ರೂಪಗಳನ್ನೇ ಮೊದಲು ಕಲಿಸಿ. ಹಾಸ್ಟೆಲಿನಲ್ಲಿ ‘ಏನ್ಲಾ’, ‘ಮಗಾ’ ಮಾತ್ರ ಕಲಿತು ಅದನ್ನೇ ಪ್ರಿನ್ಸಿಪಾಲರ ಮೇಲೆ ಪ್ರಯೋಗಿಸಿದರೆ ಕಷ್ಟ. ಬೈಗುಳವನ್ನು ಒಳ್ಳೆಯ ಮಾತು ಅಂತ ಕಲಿಸುವ ಚಾಳಿಯಂತೂ ಬೇಡವೇ ಬೇಡ. ಬದಲಿಗೆ ನೀವೂ ಒಂದೆರಡು ಕಲಿಯಿರಿ. ತಾಂಜಾನಿಯಾದಲ್ಲಿ ಕಿರಿಯರು ಹಿರಿಯರಿಗೆ ‘ಶಿಕಾಮೂ’ ಅನ್ನುತ್ತಾರೆ, ಹಿರಿಯರು ‘ಮರಹಬಾ’ ಅನ್ನಬೇಕು. ನಿಮ್ಮ ಅಜ್ಜಿಗೆ ಈ ಉತ್ತರ ಹೇಳಿಕೊಟ್ಟು ನೋಡಿ. ಅಷ್ಟು ದಿನ ಮಾತೇ ಆಡದ ಹುಡುಗ ಅಡುಗೆಮನೆ ಬಾಗಿಲ ತನಕ ಬರುತ್ತಾನೆ.

ಹೊರಗೆ ಹೋಗುವುದಾದರೆ

ದೇವರಾಯನದುರ್ಗ, ನಾಮದ ಚಿಲುಮೆ ಅರ್ಧ ದಿನಕ್ಕೆ ಸರಿ. ಕೋತಿಗಳಿವೆ, ತಿಂಡಿ ಕವರನ್ನು ಕೈಯಲ್ಲಿ ಹಿಡಿಯಬೇಡಿ ಅಂತ ಹೇಳಿ. ಕೋಲಾರದವರಿಗೆ ಅಂತರಗಂಗೆ, ಚಿಕ್ಕಬಳ್ಳಾಪುರದವರಿಗೆ ನಂದಿಬೆಟ್ಟಕ್ಕಿಂತ ಅದರ ಬುಡದ ಭೋಗನಂದೀಶ್ವರ ದೇವಸ್ಥಾನ: ಜನ ಕಡಿಮೆ, ಕೂತು ಮಾತಾಡಲು ಜಾಗ. ಸಿದ್ಧಗಂಗಾ ಮಠದ ದಾಸೋಹದಲ್ಲಿ ಜಾತಿ ಮತ ಕೇಳದೆ ಊಟ ಹಾಕುತ್ತಾರೆ. ಹೋಗುವ ಮೊದಲು ಚಪ್ಪಲಿ ಎಲ್ಲಿ ಬಿಡಬೇಕು, ನೆಲದ ಮೇಲೆ ಕೂರಬೇಕು, ತಟ್ಟೆಯಲ್ಲಿ ಬಿಡುವ ಹಾಗಿಲ್ಲ, ಎಷ್ಟು ಬೇಕೋ ಅಷ್ಟೇ ಹಾಕಿಸಿಕೊಳ್ಳಬೇಕು ಅಂತ ವಿವರಿಸಿ. ದೇವಸ್ಥಾನಕ್ಕೆ ಬರುವುದು ಬೇಡ ಅಂದರೆ ಬಿಡಿ. ಬಂದವರೂ ಕುಂಕುಮ, ತೀರ್ಥ, ಪ್ರಸಾದ ತೆಗೆದುಕೊಳ್ಳದಿರಬಹುದು. ಕೆಲವು ಕ್ರೈಸ್ತರಿಗೂ ಮುಸ್ಲಿಮರಿಗೂ ಅದು ಧರ್ಮದ ಪ್ರಶ್ನೆ, ನಿಮ್ಮ ಮೇಲಿನ ಅಸಡ್ಡೆಯಲ್ಲ. ಪೂಜಾರಿಗಳಿಗೆ ನೀವೇ ಮೆಲ್ಲಗೆ ಹೇಳಿಬಿಡಿ.

ಬಾಡಿಗೆಗೆ ಕೊಟ್ಟಿದ್ದರೆ

ಹೊರದೇಶದವರು ನಿಮ್ಮ ಮನೆಗೆ, ಪಿಜಿಗೆ ಬಂದು ಉಳಿದರೆ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ವಿದೇಶಿಯರ ನೋಂದಣಿ ಕಚೇರಿಗೆ ತಿಳಿಸಬೇಕು. ಜನ ಇದನ್ನು ಸಿ ಫಾರಂ ಅಂತ ಕರೆಯುತ್ತಾರೆ. ಇದು ವಿದ್ಯಾರ್ಥಿಯ ಕೆಲಸವಲ್ಲ, ಮನೆಯವರದ್ದು. 180 ದಿನಕ್ಕಿಂತ ಹೆಚ್ಚಿನ ವಿದ್ಯಾರ್ಥಿ ವೀಸಾ ಇರುವವರು ಬಂದ 14 ದಿನದೊಳಗೆ ತಾವೂ ನೋಂದಾಯಿಸಿಕೊಳ್ಳಬೇಕು, ಅದಕ್ಕೆ ನಿಮ್ಮ ವಿಳಾಸದ ಪುರಾವೆ ಬೇಕಾಗುತ್ತದೆ. ಕರಾರು ಪತ್ರ, ಕರೆಂಟ್ ಬಿಲ್ಲಿನ ಪ್ರತಿ ಮೊದಲ ದಿನವೇ ಕೊಡಿ. ನೀವು ‘ನಾಳೆ ಬನ್ನಿ’ ಅನ್ನುತ್ತಾ ಹೋದರೆ ದಂಡ ಬೀಳುವುದು ಅವರಿಗೆ. ನೇಪಾಳ, ಭೂತಾನಿನವರಿಗೆ ವೀಸಾ ಬೇಕಿಲ್ಲ. ಪಾಸ್‌ಪೋರ್ಟಿನ ಜೆರಾಕ್ಸ್ ಇಟ್ಟುಕೊಳ್ಳಿ, ಮೂಲವನ್ನು ‘ಭದ್ರತೆಗೆ’ ಅಂತ ಇಟ್ಟುಕೊಳ್ಳಬೇಡಿ. ಅಡ್ವಾನ್ಸ್ ಎಷ್ಟು, ಬಣ್ಣಕ್ಕೆ ಎಷ್ಟು ಮುರಿಯುತ್ತೀರಿ, ಮಹಡಿಯಲ್ಲಿ ಮಾಂಸ ಬೇಯಿಸಬಹುದೋ ಇಲ್ಲವೋ, ರಾತ್ರಿ ಎಷ್ಟು ಗಂಟೆಗೆ ಗೇಟ್, ಕಾವೇರಿ ನೀರೋ ಬೋರ್ ನೀರೋ ಹೇಮಾವತಿಯೋ, ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ ಎಂಬುದನ್ನೆಲ್ಲ ಇಂಗ್ಲಿಷಿನಲ್ಲಿ ಒಂದು ಹಾಳೆಯಲ್ಲಿ ಬರೆದು ಕೊಡಿ. ಬಾಯಿಮಾತಿನ ಕರಾರು ನಮ್ಮಲ್ಲೇ ಜಗಳ ತರುತ್ತದೆ.

ಕರೆಯಲು ಸರಿಯಾದ ಹೊತ್ತು ಯಾವುದು ಅಂದರೆ ದಸರಾ, ದೀಪಾವಳಿ ರಜೆ. ಹಬ್ಬದ ಸಡಗರಕ್ಕಲ್ಲ. ಆಗ ಹಾಸ್ಟೆಲ್ ಖಾಲಿಯಾಗಿ, ಮೆಸ್ ಮುಚ್ಚಿ, ಸುತ್ತಲಿನ ಹೋಟೆಲುಗಳೂ ಅರ್ಧ ಬಾಗಿಲು ಹಾಕಿರುತ್ತವೆ, ಊರಿಗೆ ಹೋಗಲಾಗದೆ ಉಳಿಯುವವರು ಇವರೇ. ನೇಪಾಳದ ಹಿಂದೂಗಳಿಗಂತೂ ದಸರಾ ವರ್ಷದ ದೊಡ್ಡ ಹಬ್ಬ. ಮನೆಯ ಹಿರಿಯರಿಂದ ಹಣೆಗೆ ಟೀಕಾ ಇಡಿಸಿಕೊಳ್ಳಬೇಕಾದ ದಿನ ಅವರು ರೂಮಿನಲ್ಲಿ ಒಬ್ಬರೇ ಕೂತಿರುತ್ತಾರೆ. ರಜೆಗೆ ವಾರ ಮೊದಲೇ ಮೆಸ್ ಯಾವತ್ತು ಮುಚ್ಚುತ್ತದೆ ಅಂತ ಕೇಳಿಟ್ಟುಕೊಳ್ಳಿ. ನಿಮ್ಮದು ಹಳ್ಳಿಯಾಗಿದ್ದರೆ ಎರಡು ದಿನಕ್ಕೆ ಕರೆದುಕೊಂಡು ಹೋಗಿ, ವಾರ್ಡನ್ನರಿಗೆ ವಿಳಾಸ, ಫೋನ್ ನಂಬರ್ ಬರೆದು ಕೊಟ್ಟು, ಪಾಸ್‌ಪೋರ್ಟಿನ ಪ್ರತಿ ಜೊತೆಗಿರಲಿ. ಮನೆಯವರಿಗೆ ಏನು ತಿನ್ನುವುದಿಲ್ಲ ಎಂಬುದನ್ನೂ, ಬಂದ ತಕ್ಷಣ ಇಡೀ ಬೀದಿಯನ್ನು ನೋಡಲು ಕರೆಯಬಾರದು ಎಂಬುದನ್ನೂ ಹೊರಡುವ ಮುಂಚೆಯೇ ಫೋನಿನಲ್ಲಿ ಹೇಳಿಬಿಡಿ.